ಹೇಳದೆಯೇ ಕೆಲಸ ಮಾಡುವ ಪೆಟ್ಟಿಗೆ

2002ರ ನವೆಂಬರ್ 13, ಬುಧವಾರ. ಅಮೆರಿಕದ ಬಾಸ್ಟನ್‌ನಲ್ಲಿರುವ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಕಂಪ್ಯೂಟರುಗಳು ತೆವಳತೊಡಗಿದವು. ಹಾರ್ವರ್ಡ್ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆ ಅದು. ಔಷಧ ಬರೆಯುವುದು, ಲ್ಯಾಬ್‌ಗೆ ಪರೀಕ್ಷೆ ಕಳಿಸುವುದು, ವರದಿ ನೋಡುವುದು ಎಲ್ಲವೂ ಅಲ್ಲಿ ಆ ಕಾಲಕ್ಕಾಗಲೇ ಪರದೆಯ ಮೇಲೆ ನಡೆಯುತ್ತಿತ್ತು. ಸರ್ವರ್‌ಗಳು ನೆಟ್ಟಗಿದ್ದವು, ದತ್ತಾಂಶಕ್ಕೆ ಏನೂ ಆಗಿರಲಿಲ್ಲ, ಹೊರಗಿನವರು ಯಾರೂ ಒಳನುಗ್ಗಿರಲಿಲ್ಲ. ಆದರೂ ಒಂದು ಯಂತ್ರದ ಮಾತು ಇನ್ನೊಂದಕ್ಕೆ ತಲುಪುತ್ತಿರಲಿಲ್ಲ. ಹೆಚ್ಚುಕಡಿಮೆ ನಾಲ್ಕು ದಿನ ಆಸ್ಪತ್ರೆ ಕಾಗದ-ಪೆನ್ನಿಗೆ ಮರಳಿತು. ಚೀಟಿ ಹಿಡಿದು ವಾರ್ಡಿನಿಂದ ಲ್ಯಾಬ್‌ಗೆ ಓಡಾಡಲು ಜನರನ್ನು ನೇಮಿಸಬೇಕಾಯಿತು. ಕಾಗದದ ಮೇಲೆ ಔಷಧಿಯ ಆದೇಶ ಬರೆದೇ ಅಭ್ಯಾಸವಿಲ್ಲದ ಕಿರಿಯ ವೈದ್ಯರಿಗೆ ಹಿರಿಯರು ಕೂತು ಹೇಳಿಕೊಡಬೇಕಾಯಿತು.

ನೆಪ ಸಣ್ಣದು. ಸಂಶೋಧಕರೊಬ್ಬರು ಪ್ರಯೋಗಕ್ಕೆಂದು ಹಾಕಿದ್ದ ಕಡತ ಹಂಚಿಕೆಯ ತಂತ್ರಾಂಶವೊಂದು ತನ್ನ ಪಾಡಿಗೆ ಭಾರೀ ಪ್ರಮಾಣದ ದತ್ತಾಂಶವನ್ನು ಎಳೆದಾಡತೊಡಗಿತ್ತು. ಆದರೆ ಕಾಯಿಲೆ ಹಳೆಯದು. ವರ್ಷಗಟ್ಟಲೆ ಕಟ್ಟಡದ ಮೇಲೆ ಕಟ್ಟಡ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚಿನ ಹಿಂದೆ ಸ್ವಿಚ್ಚು ಸೇರಿಸುತ್ತಾ ಹೋಗಿದ್ದರು. ಒಂದು ತುದಿಯಿಂದ ಇನ್ನೊಂದು ತುದಿಗೆ ಏಳು ಸ್ವಿಚ್ಚುಗಳಿಗಿಂತ ಹೆಚ್ಚು ಇರಬಾರದು ಎಂಬ ಹಳೆಯ ಸೂಚನೆಯನ್ನು ಜಾಲ ಯಾವಾಗಲೋ ದಾಟಿಬಿಟ್ಟಿತ್ತು. ಒತ್ತಡ ಬಿದ್ದಾಗ ಸ್ವಿಚ್ಚುಗಳು ತಮ್ಮತಮ್ಮಲ್ಲೇ ದಾರಿ ಲೆಕ್ಕ ಹಾಕಿಕೊಳ್ಳುವ ವ್ಯವಸ್ಥೆ ಕುಸಿಯಿತು. ಆಸ್ಪತ್ರೆಯ ಮಾಹಿತಿ ತಂತ್ರಜ್ಞಾನದ ಮುಖ್ಯಸ್ಥರಾಗಿದ್ದ ಜಾನ್ ಹಲಮ್ಕಾ ಇದನ್ನು ಮುಚ್ಚಿಡಲಿಲ್ಲ. ಎಲ್ಲಿ ಎಡವಿದೆವು ಎಂಬುದನ್ನು ಊರಿಗೆಲ್ಲ ಹೇಳಿಕೊಂಡು ಬಂದರು. ನೆಟ್‌ವರ್ಕ್ ಕಲಿಸುವವರು ಇಂದಿಗೂ ಆ ಪ್ರಕರಣವನ್ನು ಎತ್ತಿ ಹೇಳುವುದು ಆ ಪ್ರಾಮಾಣಿಕತೆಯಿಂದಾಗಿ.

ನಮ್ಮಲ್ಲಿ ಈಗ ನರ್ಸಿಂಗ್ ಹೋಮ್, ಪಿಯು ಕಾಲೇಜು, ಸಹಕಾರಿ ಬ್ಯಾಂಕಿನ ಶಾಖೆ, ಅಪಾರ್ಟ್‌ಮೆಂಟಿನ ಕಾವಲು ಕೊಠಡಿ ಎಲ್ಲೇ ಹೋದರೂ ಮೂಲೆಯಲ್ಲೊಂದು ಎತರ್‌ನೆಟ್ ಸ್ವಿಚ್ ಕಣ್ಣು ಮಿಟುಕಿಸುತ್ತಿರುತ್ತದೆ. ಅದನ್ನು ತಂದವರು, ಕೇಬಲ್ ಚುಚ್ಚಿದವರು, ದುಡ್ಡು ಕೊಟ್ಟವರು ಯಾರೂ ಅದಕ್ಕೆ ಒಂದು ಮಾತೂ ಹೇಳಿಕೊಟ್ಟಿರುವುದಿಲ್ಲ. ವಿದ್ಯುತ್ ಕೊಟ್ಟ ಕೂಡಲೇ ಅದು ಕೆಲಸಕ್ಕೆ ನಿಲ್ಲುತ್ತದೆ. ನನ್ನ ಪ್ರಕಾರ ಸ್ವಿಚ್ಚಿನ ದೊಡ್ಡ ಗುಣವೂ ಅದೇ, ದೊಡ್ಡ ಅಪಾಯವೂ ಅದೇ. ಏನೂ ಹೇಳದಿದ್ದರೂ ನಡೆಯುವ ಯಂತ್ರಕ್ಕೆ ಏನಾದರೂ ಹೇಳಬೇಕು ಎಂದು ಯಾರಿಗೆ ಅನಿಸೀತು?

ಹಿಂದೆ ಎತರ್‌ನೆಟ್ ಹೀಗಿರಲಿಲ್ಲ. 1973ರಲ್ಲಿ ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಅದನ್ನು ರೂಪಿಸಿ, ಡೇವಿಡ್ ಬಾಗ್ಸ್ ಜೊತೆ ಕಟ್ಟಿ ನಿಲ್ಲಿಸಿದಾಗ ಎಲ್ಲ ಕಂಪ್ಯೂಟರುಗಳೂ ಒಂದೇ ದಪ್ಪ ಕೇಬಲ್ಲಿಗೆ ಅಂಟಿಕೊಂಡಿದ್ದವು. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಎರಡೂ ಹಾಳು, ಸ್ವಲ್ಪ ತಡೆದು ಮತ್ತೆ ಶುರು ಮಾಡಬೇಕು. ಆಮೇಲೆ ಹಬ್ ಬಂತು. ಅದು ನಕ್ಷತ್ರದ ಆಕಾರದಲ್ಲಿ ಕೇಬಲ್ ಹರಡಿಸಿತೇ ಹೊರತು ಸ್ವಭಾವ ಬದಲಿಸಲಿಲ್ಲ. 1990ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಕಲ್ಪನಾ ಎಂಬ ಸಣ್ಣ ಕಂಪನಿ ಏಳು ಪೋರ್ಟುಗಳ ‘ಎತರ್‌ಸ್ವಿಚ್’ ಹೊರತಂದಾಗ ಪ್ರತಿ ಪೋರ್ಟಿಗೂ ತನ್ನದೇ ದಾರಿ ಸಿಕ್ಕಿತು. ಕಂಪನಿ ಕಟ್ಟಿದವರಲ್ಲಿ ಒಬ್ಬರು ಭಾರತೀಯ ಮೂಲದ ವಿನೋದ್ ಭಾರದ್ವಾಜ್. ಹೆಂಡತಿಯ ಹೆಸರನ್ನೇ ಕಂಪನಿಗಿಟ್ಟರು. 1994ರಲ್ಲಿ ಸಿಸ್ಕೋ ಅದನ್ನು ಕೊಂಡುಕೊಂಡಿತು. ಎರಡು ಸ್ವಿಚ್ಚುಗಳ ನಡುವೆ ನಾಲ್ಕಾರು ಕೇಬಲ್ಲುಗಳನ್ನು ಸೇರಿಸಿ ಒಂದೇ ದಾರಿಯಂತೆ ಬಳಸುವ ‘ಎತರ್‌ಚಾನೆಲ್’ ಉಪಾಯವೂ ಕಲ್ಪನಾದಿಂದಲೇ ಬಂದದ್ದು.

ಸ್ವಿಚ್ ಕಲಿಯುವ ರೀತಿ ನೋಡಿದರೆ ಊರಿಗೆ ಹೊಸದಾಗಿ ವರ್ಗವಾಗಿ ಬಂದ ಅಂಚೆಯಣ್ಣ ನೆನಪಾಗುತ್ತಾನೆ. ಯಾರ ಮನೆ ಎಲ್ಲಿ ಎಂದು ಅವನಿಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಯಾವ ಮನೆಯಿಂದ ಕಾಗದ ಕೈಗೆ ಬಂತೋ ಅದರ ಹಿಂಬದಿಯಲ್ಲಿ ಬರೆದ ‘ಇಂದ’ ವಿಳಾಸ ಓದಿ ಗುರುತು ಹಾಕಿಕೊಳ್ಳುತ್ತಾನೆ. ‘ಗೆ’ ವಿಳಾಸ ಗೊತ್ತಿದ್ದರೆ ನೇರ ಆ ಮನೆಗೆ. ಗೊತ್ತಿಲ್ಲದಿದ್ದರೆ ಕಾಗದದ ಪ್ರತಿ ಮಾಡಿ ಎಲ್ಲ ಮನೆಗೂ ಹಾಕುತ್ತಾನೆ, ತಮ್ಮದಲ್ಲದವರು ಎಸೆಯಲಿ ಎಂದು. ಸ್ವಿಚ್ಚಿನಲ್ಲಿ ಆ ವಿಳಾಸ ಅಂದರೆ ಮ್ಯಾಕ್ ವಿಳಾಸ: 48 ಬಿಟ್‌ಗಳ ಸಂಖ್ಯೆ, ಕಾರ್ಖಾನೆಯಲ್ಲೇ ಕೆತ್ತಿಕೊಂಡು ಬರುವಂಥದ್ದು. ಅದರ ಮೊದಲರ್ಧ ತಯಾರಕರ ಗುರುತು, ಉಳಿದರ್ಧ ಆ ಒಂದು ಕಾರ್ಡಿನದು. ಯಾವ ವಿಳಾಸ ಯಾವ ಪೋರ್ಟಿನಲ್ಲಿ ಎಂಬ ಪಟ್ಟಿಯನ್ನು ಸ್ವಿಚ್ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ 300 ಸೆಕೆಂಡು ಆ ಕಡೆಯಿಂದ ಸದ್ದಿಲ್ಲದಿದ್ದರೆ ಅಳಿಸಿಹಾಕುತ್ತದೆ. ಕಂಪ್ಯೂಟರನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ಒಯ್ದರೂ ಯಾರಿಗೂ ಹೇಳಬೇಕಾಗಿಲ್ಲದಿರುವುದು ಇದರಿಂದಲೇ.

ಇಷ್ಟು ಸರಳವಾದದ್ದು ಕೆಡುವುದು ಎಲ್ಲಿ? ಕೇಬಲ್ ಸುತ್ತಿ ಬಂದು ಮತ್ತೆ ತನ್ನನ್ನೇ ಸೇರಿದಾಗ. ಎಲ್ಲರಿಗೂ ಹೋಗಬೇಕಾದ ಸಂದೇಶವನ್ನು, ಅಂದರೆ ಬ್ರಾಡ್‌ಕಾಸ್ಟನ್ನು, ಒಂದು ಸ್ವಿಚ್ ಎರಡು ಕೇಬಲ್ಲುಗಳಲ್ಲಿ ಕಳಿಸುತ್ತದೆ. ಆಚೆಯದು ಒಂದರಿಂದ ಪಡೆದು ಇನ್ನೊಂದರಿಂದ ವಾಪಸು ಮಾಡುತ್ತದೆ. ಐಪಿ ಪ್ಯಾಕೆಟ್ಟಿಗೆ ಇಷ್ಟು ರೂಟರ್ ದಾಟಿದ ಮೇಲೆ ಸಾಯಿ ಎಂಬ ಆಯಸ್ಸಿನ ಲೆಕ್ಕ ಇರುತ್ತದೆ. ಎತರ್‌ನೆಟ್ ಫ್ರೇಮಿಗೆ ಅಂಥದ್ದಿಲ್ಲ. ಸುತ್ತು ಸಿಕ್ಕರೆ ಅದು ಸುತ್ತುತ್ತಲೇ ಇರುತ್ತದೆ, ಪ್ರತಿ ಸುತ್ತಿನಲ್ಲೂ ಮರಿ ಹಾಕುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಎಲ್ಲ ಪೋರ್ಟಿನ ದೀಪಗಳೂ ಒಟ್ಟಿಗೆ ಹುಚ್ಚೆದ್ದು ಮಿನುಗತೊಡಗಿ, ಬಿಲ್ಲಿಂಗ್ ಕೌಂಟರಿನಿಂದ ಹಿಡಿದು ಪ್ರಿಂಟರಿನವರೆಗೆ ಎಲ್ಲ ನಿಂತುಹೋಗುತ್ತದೆ. ಇದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕಾಗಿಲ್ಲ. ಮೇಜಿನ ಕೆಳಗೆ ಐದು ಪೋರ್ಟಿನ ಅಗ್ಗದ ಸ್ವಿಚ್ಚು ಇಟ್ಟುಕೊಂಡಿರುತ್ತಾರೆ. ಕಸ ಗುಡಿಸುವಾಗ ಕೇಬಲ್ಲಿನ ಒಂದು ತುದಿ ಕಳಚಿರುತ್ತದೆ. ಪಾಪ, ಯಾರೋ ಒಳ್ಳೆಯ ಮನಸ್ಸಿನಿಂದ ಅದನ್ನೆತ್ತಿ ಖಾಲಿ ಕಂಡ ತೂತಿಗೆ ಚುಚ್ಚುತ್ತಾರೆ. ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿದೆ ಎಂದು ಅವರಿಗೆ ಹೊಳೆಯುವುದಿಲ್ಲ. ಆಮೇಲೆ ಎಲ್ಲರೂ ‘ಇಂಟರ್‌ನೆಟ್ ಹೋಯ್ತು’ ಎಂದು ಬಿಎಸ್ಎನ್ಎಲ್‌ಗೋ ಇನ್ನಾರಿಗೋ ಫೋನ್ ಹಚ್ಚುತ್ತಾರೆ.

ಹಾಗೆಂದು ಸುತ್ತು ಬಳಸದಿರುವಂತೆಯೂ ಇಲ್ಲ. ಎರಡು ಕಟ್ಟಡಗಳ ನಡುವೆ ಒಂದೇ ಕೇಬಲ್ ಇದ್ದರೆ, ಜೆಸಿಬಿ ಅದನ್ನು ಅಗೆದ ದಿನ ಕಥೆ ಮುಗಿಯಿತು. ಇನ್ನೊಂದು ದಾರಿ ಬೇಕೇ ಬೇಕು. ಈ ಇಕ್ಕಟ್ಟನ್ನು 1985ರಲ್ಲಿ ಬಿಡಿಸಿದವರು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿದ್ದ ರೇಡಿಯಾ ಪರ್ಲ್‌ಮನ್. ಅವರ ‘ಸ್ಪ್ಯಾನಿಂಗ್ ಟ್ರೀ’ ವಿಧಾನದಲ್ಲಿ ಸ್ವಿಚ್ಚುಗಳು ಪರಸ್ಪರ ಎರಡೆರಡು ಸೆಕೆಂಡಿಗೆ ಸಣ್ಣ ಸಂದೇಶ ಕಳಿಸಿಕೊಂಡು, ತಮ್ಮಲ್ಲೊಂದನ್ನು ಬೇರು ಎಂದು ಆರಿಸುತ್ತವೆ. ಆ ಬೇರಿನಿಂದ ಪ್ರತಿಯೊಂದಕ್ಕೂ ಒಂದೇ ದಾರಿ ಉಳಿಸಿ ಮಿಕ್ಕ ದಾರಿಗಳನ್ನು ತಾವಾಗಿಯೇ ಮುಚ್ಚುತ್ತವೆ. ತೆರೆದ ದಾರಿ ತುಂಡಾದರೆ ಮುಚ್ಚಿದ್ದು ತೆರೆಯುತ್ತದೆ. ಪರ್ಲ್‌ಮನ್ ಈ ವಿಧಾನದ ಕುರಿತು ಒಂದು ಪುಟ್ಟ ಪದ್ಯವನ್ನೂ ಬರೆದು ತಮ್ಮ ಪ್ರಬಂಧದಲ್ಲಿ ಸೇರಿಸಿದರು. ತಾಂತ್ರಿಕ ಪ್ರಬಂಧದಲ್ಲಿ ಪದ್ಯ ಹಾಕುವ ಧೈರ್ಯ ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಸಮಿತಿಗಳ ಮುಂದೆ ನಡೆಯುತ್ತಿತ್ತೋ ಇಲ್ಲವೋ.

ಈ ಬೇರನ್ನು ಆರಿಸುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಸ್ವಿಚ್ಚನ್ನು ತನ್ನಷ್ಟಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಚೆಂದದ ನಿದರ್ಶನ ಇಲ್ಲ. ಪ್ರತಿ ಸ್ವಿಚ್ಚಿಗೂ ಆದ್ಯತೆಯ ಸಂಖ್ಯೆಯೊಂದಿದೆ. ಕಾರ್ಖಾನೆಯಿಂದ ಬರುವಾಗ ಎಲ್ಲದರದ್ದೂ 32768. ಕಡಿಮೆ ಸಂಖ್ಯೆಯದು ಬೇರಾಗುತ್ತದೆ. ಎಲ್ಲವೂ ಸಮ ಇದ್ದರೆ ಯಾರ ಮ್ಯಾಕ್ ವಿಳಾಸ ಚಿಕ್ಕದೋ ಅದು. ಒಂದೇ ಕಂಪನಿಯ ಸ್ವಿಚ್ಚುಗಳಲ್ಲಿ ಚಿಕ್ಕ ವಿಳಾಸ ಬಹುಮಟ್ಟಿಗೆ ಹಳೆಯದರದ್ದೇ ಆಗಿರುತ್ತದೆ. ಹೀಗಾಗಿ ಲಕ್ಷಗಟ್ಟಲೆ ಕೊಟ್ಟು ತಂದ ಹೊಸ ಸ್ವಿಚ್ಚು ಸರ್ವರ್ ಕೋಣೆಯಲ್ಲಿ ತಂಪಾಗಿ ಕೂತಿರುವಾಗ, ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿರುವ ಹದಿನೈದು ವರ್ಷದ ಮುದಿ ಸ್ವಿಚ್ಚು ಇಡೀ ಕ್ಯಾಂಪಸ್ಸಿನ ಬೇರಾಗಿ ಮೆರೆಯುತ್ತದೆ. ಪರಸ್ಪರ ಪಕ್ಕದಲ್ಲೇ ಇರುವ ಎರಡು ಕಟ್ಟಡಗಳ ಮಾತೂ ಅದರ ಮೂಲಕ ಬಳಸಿಕೊಂಡು ಹೋಗುತ್ತದೆ. ಅದು ಕೆಟ್ಟ ದಿನ ಎಲ್ಲರೂ ಸೇರಿ ಮತ್ತೆ ಚುನಾವಣೆ. ಪರಿಹಾರ ಒಂದೇ ಸಾಲಿನ ಆಜ್ಞೆ: ನಡುವಿನ ಬಲವಾದ ಸ್ವಿಚ್ಚಿಗೆ 4096, ಅದರ ಜೊತೆಗಾರನಿಗೆ 8192 ಎಂದು ಆದ್ಯತೆ ಕೊಟ್ಟುಬಿಡುವುದು. ಆ ಒಂದು ಸಾಲು ಬರೆಯದ ಜಾಲಗಳು ಎಷ್ಟೋ ಇವೆ. ಎಲ್ಲ ನಡೆಯುತ್ತಿದೆಯಲ್ಲ, ಯಾರು ತಲೆ ಹಾಕುತ್ತಾರೆ?

ಬಾಸ್ಟನ್ನಿನ ಏಳು ಸ್ವಿಚ್ಚಿನ ಮಿತಿಯೂ ಇಲ್ಲಿಂದಲೇ ಬಂದದ್ದು. ಮೂಲ ಸ್ಪ್ಯಾನಿಂಗ್ ಟ್ರೀಯ ಕಾಲಮಿತಿಗಳು, ಅಂದರೆ 2 ಸೆಕೆಂಡಿನ ಸಂದೇಶ, 20 ಸೆಕೆಂಡಿನ ಕಾಯುವಿಕೆ, ತೆರೆಯುವ ಮುನ್ನ 15 ಮತ್ತೆ 15 ಸೆಕೆಂಡಿನ ಪರೀಕ್ಷೆ, ಎಲ್ಲವೂ ಏಳು ಸ್ವಿಚ್ಚಿನಷ್ಟು ಅಗಲದ ಜಾಲವನ್ನು ಊಹಿಸಿಕೊಂಡು ಹಾಕಿದವು. ಅದಕ್ಕಿಂತ ಉದ್ದವಾದರೆ ಸುದ್ದಿ ತಲುಪುವಷ್ಟರಲ್ಲಿ ಹಳಸಿರುತ್ತದೆ. ಮುಚ್ಚಿರಬೇಕಾದ ದಾರಿ ತೆರೆಯುತ್ತದೆ. 2001ರಲ್ಲಿ ಬಂದ ವೇಗದ ಆವೃತ್ತಿ ಈ ಅರ್ಧ-ಮುಕ್ಕಾಲು ನಿಮಿಷದ ಕೆಲಸವನ್ನು ಒಂದೆರಡು ಸೆಕೆಂಡಿಗಿಳಿಸಿತು. ಈಗಿನ ಸ್ವಿಚ್ಚುಗಳಲ್ಲಿ ಅದನ್ನೇ ಆರಿಸಿಕೊಳ್ಳಬೇಕು. ಇನ್ನೆರಡು ಮಾತನ್ನು ಇದರ ಜೊತೆಗೇ ಹೇಳಿಬಿಡುತ್ತೇನೆ. ಕಂಪ್ಯೂಟರು, ಪ್ರಿಂಟರು ಮಾತ್ರ ಕೂರುವ ಪೋರ್ಟುಗಳಿಗೆ ಈ ಕಾಯುವಿಕೆ ಬೇಡ ಎನ್ನುವ ‘ಪೋರ್ಟ್‌ಫಾಸ್ಟ್’ ಹಾಕಬೇಕು. ಇಲ್ಲದಿದ್ದರೆ ಕಂಪ್ಯೂಟರ್ ಎದ್ದು ಐಪಿ ವಿಳಾಸ ಕೇಳುವ ಹೊತ್ತಿಗೆ ಪೋರ್ಟ್ ಇನ್ನೂ ಕಣ್ಣುಜ್ಜುತ್ತಿರುತ್ತದೆ. ಅದೇ ಪೋರ್ಟಿಗೆ ‘ಬಿಪಿಡಿಯು ಗಾರ್ಡ್’ ಕೂಡ ಬೇಕು. ಆ ಕಡೆಯಿಂದ ಸ್ವಿಚ್ಚುಗಳ ಸಂದೇಶವೇನಾದರೂ ಬಂದರೆ ಪೋರ್ಟನ್ನೇ ಅದು ಮುಚ್ಚಿಬಿಡುತ್ತದೆ. ಮೇಜಿನ ಕೆಳಗಿನ ಆ ಸುತ್ತಿದ ಕೇಬಲ್ ಆಗ ಒಂದು ಕೋಣೆಯನ್ನು ಮಾತ್ರ ಕೆಡಿಸೀತು, ಕಚೇರಿಯನ್ನಲ್ಲ.

ಇವೆಲ್ಲ ಹಾಕಬೇಕಾದರೆ ಸ್ವಿಚ್ಚು ಮಾತು ಕೇಳುವಂಥದ್ದಾಗಿರಬೇಕು. ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತವೆ: ಮ್ಯಾನೇಜ್ಡ್ ಮತ್ತು ಅನ್‌ಮ್ಯಾನೇಜ್ಡ್. ಎರಡನೆಯದಕ್ಕೆ ಕಿವಿಯೇ ಇಲ್ಲ. ಮನೆಗೆ ಸಾಕು, ಇಪ್ಪತ್ತು ಮೂವತ್ತು ಜನ ಕೂರುವ ಜಾಗಕ್ಕೆ ಅದನ್ನು ತರುವುದು ಉಳಿತಾಯವಲ್ಲ. ಮ್ಯಾನೇಜ್ಡ್ ಸ್ವಿಚ್ಚಿನ ಜೊತೆ ಮೊದಲ ಮಾತು ಸಾಮಾನ್ಯವಾಗಿ ಕನ್ಸೋಲ್ ಕೇಬಲ್ಲಿನಲ್ಲಿ. ತಿಳಿನೀಲಿ ಬಣ್ಣದ, ಪಟ್ಟಿಯಂತೆ ಚಪ್ಪಟೆಯಾದ ಆ ಕೇಬಲ್ ನೆಟ್‌ವರ್ಕ್ ಹುಡುಗರ ಚೀಲದಲ್ಲಿ ಸದಾ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಪುಟ್ಟಿ ತಂತ್ರಾಂಶ ತೆರೆದು ವೇಗ 9600 ಎಂದು ಕೊಟ್ಟರೆ ಕಪ್ಪು ಪರದೆಯಲ್ಲಿ ಸ್ವಿಚ್ಚು ಬಾಯಿ ಬಿಡುತ್ತದೆ. ಬೆಂಗಳೂರಿನಲ್ಲಿ ಸಿಸಿಎನ್ಎ ತರಬೇತಿಗೆ ಹೋದವರಿಗೆಲ್ಲ ಈ ಪರದೆ ಚಿರಪರಿಚಿತ. ದುಡ್ಡು ಕೊಟ್ಟು ಸ್ವಿಚ್ಚು ಕೊಳ್ಳಲಾಗದ ವಿದ್ಯಾರ್ಥಿಗಳಿಗೆ ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ. ಕಲಿಯಲು ಧಾರಾಳ ಸಾಕು. ಕಂಪನಿಯಿಂದ ಕಂಪನಿಗೆ ಆಜ್ಞೆಗಳ ಮಾತು ಬೇರೆ, ವಿಚಾರ ಒಂದೇ. ಇಲ್ಲಿ ನಾನು ಸಿಸ್ಕೋ ರೂಢಿಯನ್ನೇ ಹಿಡಿದಿದ್ದೇನೆ.

ಮೊದಲಿಗೆ ಸ್ವಿಚ್ಚಿಗೊಂದು ಹೆಸರು. ‘ಸ್ವಿಚ್’ ಎಂಬ ಹೆಸರಿನ ಹನ್ನೆರಡು ಸ್ವಿಚ್ಚುಗಳ ನಡುವೆ ರಾತ್ರಿ ಹನ್ನೊಂದಕ್ಕೆ ಯಾವುದರೊಳಗೆ ಇದ್ದೇವೆಂದು ಗೊತ್ತಾಗದೆ ತಪ್ಪು ಪೋರ್ಟ್ ಮುಚ್ಚುವುದು ಹೊಸ ಸಂಗತಿಯಲ್ಲ. ಆಮೇಲೆ ಪಾಸ್‌ವರ್ಡ್, ಟೆಲ್‌ನೆಟ್ ಮುಚ್ಚಿ ಎಸ್ಎಸ್ಎಚ್ ತೆರೆಯುವುದು, ಏಕೆಂದರೆ ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ತಂತಿಯ ಮೇಲೆ ಬೆತ್ತಲೆಯಾಗಿ ಹೋಗುತ್ತದೆ, ಗಡಿಯಾರ ಸರಿ ಮಾಡುವುದು, ಇಲ್ಲದಿದ್ದರೆ ದಾಖಲೆಯಲ್ಲಿ ತೊಂದರೆ ಆದ ಹೊತ್ತೇ ಸುಳ್ಳಾಗುತ್ತದೆ. ಇವು ಹತ್ತು ನಿಮಿಷದ ಕೆಲಸ. ಹತ್ತು ನಿಮಿಷಕ್ಕೆ ಮುಗಿಯದ ಕೆಲಸ ಇನ್ನೊಂದಿದೆ: ಪ್ರತಿ ಪೋರ್ಟಿನ ಮೇಲೆ ಅದರ ಆಚೆ ತುದಿಯಲ್ಲಿ ಏನಿದೆ ಎಂದು ‘ಡಿಸ್ಕ್ರಿಪ್ಷನ್’ ಬರೆಯುವುದು. ‘ಮೊದಲ ಮಹಡಿ, ಎಕ್ಸ್‌ರೇ ಕೋಣೆ, ಕಿಟಕಿ ಪಕ್ಕ’. ಇದಕ್ಕೆ ಕೇಬಲ್ಲಿನ ಜಾಡು ಹಿಡಿದು ನಡೆಯಬೇಕು, ಏಣಿ ಹತ್ತಬೇಕು, ಫಾಲ್ಸ್ ಸೀಲಿಂಗ್ ಎತ್ತಿ ನೋಡಬೇಕು. ಯಾವ ಸ್ವಿಚ್ಚೂ ಇದನ್ನು ತಾನಾಗಿ ಕಲಿಯುವುದಿಲ್ಲ. ಆಚೆ ಯಾವ ಮ್ಯಾಕ್ ವಿಳಾಸ ಇದೆ ಎಂಬುದಷ್ಟೇ ಅದಕ್ಕೆ ಗೊತ್ತು. ಅದು ಎಕ್ಸ್‌ರೇ ಯಂತ್ರವೋ ಕ್ಯಾಂಟೀನಿನ ಟಿವಿಯೋ ಎಂಬುದು ಮನುಷ್ಯರಿಗೆ ಮಾತ್ರ ಗೊತ್ತಿರುವ ವಿಷಯ. ನನ್ನನ್ನು ಕೇಳಿದರೆ ಸ್ವಿಚ್ ನಿರ್ವಹಣೆಯ ಮುಕ್ಕಾಲು ಪಾಲು ಇದೇ, ಉಳಿದದ್ದು ಆಜ್ಞೆ.

ಇನ್ನು ವಿಲ್ಯಾನ್. ಕಾರ್ಖಾನೆಯಿಂದ ಬಂದ ಸ್ವಿಚ್ಚಿನಲ್ಲಿ ಎಲ್ಲ ಪೋರ್ಟುಗಳೂ ಒಂದನೇ ವಿಲ್ಯಾನಿನಲ್ಲಿರುತ್ತವೆ. ಅಂದರೆ ಲೆಕ್ಕಪತ್ರದ ಕಂಪ್ಯೂಟರು, ಗೇಟಿನ ಸಿಸಿಟಿವಿ ಕ್ಯಾಮೆರಾ, ರೋಗಿಗಳ ಸಂಬಂಧಿಕರ ವೈಫೈ ಎಲ್ಲ ಒಂದೇ ಹಜಾರದಲ್ಲಿ. ಹೊರಗೋಡೆಯ ಕ್ಯಾಮೆರಾದ ಕೇಬಲ್ ಕಿತ್ತು ಲ್ಯಾಪ್‌ಟಾಪಿಗೆ ಚುಚ್ಚಿಕೊಂಡವನಿಗೆ ಲೆಕ್ಕಪತ್ರದ ಕಂಪ್ಯೂಟರು ಕಾಣುತ್ತದೆ. ವಿಲ್ಯಾನ್ ಒಂದೇ ಸ್ವಿಚ್ಚನ್ನು ಹಲವು ಸ್ವಿಚ್ಚುಗಳಂತೆ ಪಾಲು ಮಾಡುತ್ತದೆ: 10 ಕಚೇರಿಗೆ, 20 ಕ್ಯಾಮೆರಾಗೆ, 30 ಅತಿಥಿಗಳಿಗೆ. ಒಂದರ ಬ್ರಾಡ್‌ಕಾಸ್ಟ್ ಇನ್ನೊಂದಕ್ಕೆ ಕೇಳಿಸದು. ದಾಟಬೇಕಾದರೆ ರೂಟರ್ ಅಥವಾ ಫೈರ್‌ವಾಲ್ ಮುಂದೆ ನಿಂತು ಅಪ್ಪಣೆ ಪಡೆಯಬೇಕು. ಎರಡು ಸ್ವಿಚ್ಚುಗಳ ನಡುವೆ ಒಂದೇ ಕೇಬಲ್ಲಿನಲ್ಲಿ ಎಲ್ಲ ವಿಲ್ಯಾನುಗಳೂ ಸಾಗುವಂತೆ 1998ರ 802.1ಕ್ಯೂ ಮಾನದಂಡ ಏರ್ಪಾಡು ಮಾಡಿತು. ಪ್ರತಿ ಫ್ರೇಮಿನೊಳಗೆ ನಾಲ್ಕು ಬೈಟಿನ ಚೀಟಿ. ಅದರಲ್ಲಿ ವಿಲ್ಯಾನ್ ಸಂಖ್ಯೆಗೆ 12 ಬಿಟ್. ಬಳಸಲು ಸಿಗುವುದು 4094. ಇಂಥ ಕೇಬಲ್ಲಿಗೆ ಟ್ರಂಕ್ ಎನ್ನುತ್ತಾರೆ.

ಟ್ರಂಕ್ ಎಂದಾಗ ಅನುಭವಿಗಳ ಮುಖದಲ್ಲಿ ಒಂದು ನಗು ಬರುತ್ತದೆ. ಟ್ರಂಕಿನಲ್ಲಿ 10 ಮತ್ತು 20 ಹೋಗುತ್ತಿವೆ ಎಂದುಕೊಳ್ಳಿ. ಹೊಸದಾಗಿ 30ನ್ನು ಬಿಡಬೇಕು. ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30’ ಎಂದು ಬರೆದು ಎಂಟರ್ ಒತ್ತಿದರೆ ಸ್ವಿಚ್ಚು ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ, 10 ಮತ್ತು 20ನ್ನು ಹೊರಗೆ ಹಾಕುತ್ತದೆ. ಬರೆಯಬೇಕಿದ್ದದ್ದು ‘ಅಲೌಡ್ ವಿಲ್ಯಾನ್ ಆ್ಯಡ್ 30’. ಒಂದು ‘ಆ್ಯಡ್’ ಬಿಟ್ಟುಹೋದದ್ದಕ್ಕೆ ಇಡೀ ಮಹಡಿ ಕತ್ತಲಲ್ಲಿ ಮುಳುಗುತ್ತದೆ. ಆಜ್ಞೆ ಕೊಟ್ಟವರೇ ದೂರದಿಂದ 10ನೇ ವಿಲ್ಯಾನಿನ ಮೂಲಕ ಒಳಬಂದಿದ್ದರೆ ಕೂತ ಕೊಂಬೆಯನ್ನೇ ಕಡಿದಂತಾಗಿ, ಸರಿಪಡಿಸಲು ಗಾಡಿ ಹತ್ತಬೇಕಾಗುತ್ತದೆ. ಇದು ಜಾಣರು ದಡ್ಡರು ಎಂಬ ಭೇದವಿಲ್ಲದೆ ಜಗತ್ತಿನಾದ್ಯಂತ ನಡೆಯುವ ಎಡವಟ್ಟು. ‘ಖಚಿತವೇ?’ ಎಂದು ಒಮ್ಮೆ ಕೇಳುವ ಸೌಜನ್ಯವನ್ನು ಇದನ್ನು ರೂಪಿಸಿದವರು ಯಾಕೆ ತೋರಲಿಲ್ಲವೋ, ನನಗಂತೂ ಇದು ವಿನ್ಯಾಸದ ದೋಷವೇ.

ಇಂಥದಕ್ಕೆ ಹಳಬರು ಒಂದು ಉಪಾಯ ಇಟ್ಟುಕೊಂಡಿದ್ದಾರೆ. ಅಪಾಯದ ಬದಲಾವಣೆಗೆ ಕೈ ಹಾಕುವ ಮುನ್ನ ‘ರಿಲೋಡ್ ಇನ್ 10’ ಎಂದು ಬರೆಯುತ್ತಾರೆ: ಹತ್ತು ನಿಮಿಷಕ್ಕೆ ಸ್ವಿಚ್ಚು ತಾನಾಗಿ ಮರುಚಾಲೂ ಆಗಲಿ ಎಂದು. ಬದಲಾವಣೆ ಸರಿಹೋದರೆ ಆ ಆಜ್ಞೆಯನ್ನು ರದ್ದು ಮಾಡುತ್ತಾರೆ. ಕೊಂಬೆ ಮುರಿದರೆ ಹತ್ತು ನಿಮಿಷ ಚಹಾ ಕುಡಿದು ಬಂದರೆ ಸಾಕು, ಸ್ವಿಚ್ಚು ಹಳೆಯ ಸ್ಥಿತಿಗೆ ಮರಳಿರುತ್ತದೆ. ಇದು ಸಾಧ್ಯವಾಗುವುದು ಸ್ವಿಚ್ಚಿಗೆ ಎರಡು ನೆನಪುಗಳಿರುವುದರಿಂದ. ಈಗ ನಡೆಯುತ್ತಿರುವ ಸಂರಚನೆ ‘ರನ್ನಿಂಗ್ ಕಾನ್ಫಿಗ್’, ವಿದ್ಯುತ್ ಬಂದಾಗ ಓದಿಕೊಳ್ಳುವುದು ‘ಸ್ಟಾರ್ಟಪ್ ಕಾನ್ಫಿಗ್’. ಬರೆದದ್ದೆಲ್ಲ ಮೊದಲನೆಯದಕ್ಕೆ ಮಾತ್ರ ಹೋಗುತ್ತದೆ. ಎರಡನೆಯದಕ್ಕೆ ನಕಲು ಮಾಡಿ ಉಳಿಸಬೇಕು. ಉಳಿಸದೆ ಎದ್ದುಹೋದವರ ಕೆಲಸ ಯುಪಿಎಸ್ ಗಟ್ಟಿ ಇರುವ ತನಕ ಬದುಕುತ್ತದೆ, ಕೆಲವೊಮ್ಮೆ ಎರಡು ವರ್ಷ. ಆಮೇಲೊಂದು ಮಳೆಗಾಲದ ರಾತ್ರಿ ಕರೆಂಟು ಹೋಗಿ ಯುಪಿಎಸ್ ಬ್ಯಾಟರಿಯೂ ಕೈಕೊಡುತ್ತದೆ. ಬೆಳಗ್ಗೆ ಸ್ವಿಚ್ಚು ಏಳುತ್ತದೆ, ಎರಡು ವರ್ಷದ ಹಿಂದಿನದೇ ನೆನಪಿನೊಂದಿಗೆ. ಕರೆಂಟು ಹೋದದ್ದಕ್ಕೆ ಸ್ವಿಚ್ಚು ಕೆಟ್ಟಿತು ಎಂದು ಹೊಸದು ಕೊಳ್ಳುವವರೂ ಇದ್ದಾರೆ.

ಹಳೆಯ ಸ್ವಿಚ್ಚನ್ನು ಗೋದಾಮಿನಿಂದ ತಂದು ಜೋಡಿಸುವಾಗಲೂ ಎಚ್ಚರ ಬೇಕು. ಸಿಸ್ಕೋ ಸ್ವಿಚ್ಚುಗಳಲ್ಲಿ ವಿಟಿಪಿ ಎಂಬ ಅನುಕೂಲವಿದೆ: ಒಂದು ಕಡೆ ವಿಲ್ಯಾನ್ ಸೇರಿಸಿದರೆ ಎಲ್ಲ ಕಡೆಗೂ ಅದು ತಾನೇ ಹಂಚುತ್ತದೆ. ಪ್ರತಿ ಬದಲಾವಣೆಗೂ ಪರಿಷ್ಕರಣೆಯ ಸಂಖ್ಯೆ ಒಂದು ಏರುತ್ತದೆ, ದೊಡ್ಡ ಸಂಖ್ಯೆಯವರ ಪಟ್ಟಿಯೇ ಸತ್ಯ. ಪ್ರಯೋಗಾಲಯದಲ್ಲಿ ನೂರಾರು ಬಾರಿ ತಿದ್ದಿಸಿಕೊಂಡ ಸ್ವಿಚ್ಚೊಂದು ಅದೇ ಡೊಮೇನ್ ಹೆಸರಿಟ್ಟುಕೊಂಡು ಜಾಲಕ್ಕೆ ಸೇರಿದರೆ, ಅದರ ಅರೆಬರೆ ಪಟ್ಟಿ ಎಲ್ಲರ ತಲೆಯ ಮೇಲೆ ಕೂತು ಚಾಲ್ತಿಯಲ್ಲಿದ್ದ ವಿಲ್ಯಾನುಗಳು ಮಾಯವಾಗುತ್ತವೆ. ಮೂರನೇ ಆವೃತ್ತಿಯಲ್ಲಿ ಇದಕ್ಕೆ ಕಡಿವಾಣ ಹಾಕಿದರು. ಸಣ್ಣ ಜಾಲಕ್ಕೆ ಈ ಅನುಕೂಲವೇ ಬೇಡ, ‘ಟ್ರಾನ್ಸ್‌ಪರೆಂಟ್’ ಸ್ಥಿತಿಯಲ್ಲಿಟ್ಟು ಕೈಯಾರೆ ಬರೆಯುವುದೇ ಕ್ಷೇಮ.

ಅನುಕೂಲಕ್ಕೆಂದು ತೆರೆದಿಟ್ಟ ಬಾಗಿಲು ಎಷ್ಟು ದುಬಾರಿಯಾಗಬಹುದು ಎಂಬುದು 2018ರ ಏಪ್ರಿಲ್‌ನಲ್ಲಿ ಗೊತ್ತಾಯಿತು. ಸಿಸ್ಕೋ ಸ್ವಿಚ್ಚುಗಳಲ್ಲಿ ಹೊಸ ಸ್ವಿಚ್ಚನ್ನು ದೂರದಿಂದಲೇ ಸಜ್ಜುಗೊಳಿಸಲು ‘ಸ್ಮಾರ್ಟ್ ಇನ್‌ಸ್ಟಾಲ್’ ಎಂಬ ಸೌಲಭ್ಯ ಇತ್ತು. 4786ನೇ ಟಿಸಿಪಿ ಪೋರ್ಟಿನಲ್ಲಿ ಅದು ಪಾಸ್‌ವರ್ಡನ್ನೂ ಕೇಳದೆ ಕಾಯುತ್ತಿತ್ತು. ಹಲವು ಮಾದರಿಗಳಲ್ಲಿ ಮೊದಲಿನಿಂದಲೇ ಚಾಲೂ ಇರುತ್ತಿತ್ತು. ದಾಳಿಕೋರರು ಇರಾನ್ ಮತ್ತು ರಷ್ಯಾದ ಸ್ವಿಚ್ಚುಗಳ ಸಂರಚನೆಯನ್ನು ಅಳಿಸಿ, ಅದರ ಜಾಗದಲ್ಲಿ ಅಮೆರಿಕದ ಬಾವುಟದ ಚಿತ್ರವನ್ನೂ ನಮ್ಮ ಚುನಾವಣೆಯಲ್ಲಿ ಕೈಯಾಡಿಸಬೇಡಿ ಎಂಬ ಎಚ್ಚರಿಕೆಯನ್ನೂ ಬಿಟ್ಟುಹೋದರು. ಇರಾನ್ ಒಂದರಲ್ಲೇ ಸುಮಾರು 3,500 ಉಪಕರಣಗಳಿಗೆ ಹೊಡೆತ ಬಿತ್ತೆಂದು ಆ ದೇಶದ ಸರ್ಕಾರ ಹೇಳಿತು. ‘ನೋ ವಿಸ್ಟ್ಯಾಕ್’ ಎಂಬ ಒಂದು ಆಜ್ಞೆ ಬರೆದಿದ್ದವರಿಗೆ ಏನೂ ಆಗಲಿಲ್ಲ. ಬಳಸದ ಸೌಲಭ್ಯ ಮುಚ್ಚಿ, ಬಳಸದ ಪೋರ್ಟನ್ನು ‘ಶಟ್‌ಡೌನ್’ ಮಾಡಿ, ಸ್ವಿಚ್ಚಿನ ನಿರ್ವಹಣೆಯ ವಿಳಾಸ ಹೊರಗಿನ ಇಂಟರ್‌ನೆಟ್ಟಿಗೆ ಕಾಣದಂತೆ ಇಡಿ ಎಂದು ಪುಸ್ತಕಗಳು ಮೊದಲಿನಿಂದಲೂ ಬೊಬ್ಬೆ ಹಾಕುತ್ತಿದ್ದದ್ದು ಇದಕ್ಕೇ.

ಆದರೆ ನಮ್ಮ ಕಚೇರಿಗಳ ದಿನನಿತ್ಯದ ಶತ್ರು ಹೊರದೇಶದ ದಾಳಿಕೋರ ಅಲ್ಲ, ಒಳಗಿನ ಸಹೋದ್ಯೋಗಿ. ವೈಫೈ ಸಿಗ್ನಲ್ ಸಾಲದೆಂದು ಮನೆಯ ರೂಟರ್ ತಂದು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುತ್ತಾರೆ, ಅದೂ ರೂಟರಿನ ಲ್ಯಾನ್ ಬದಿಯಿಂದ. ಆ ಕ್ಷಣದಿಂದ ಅದು ಕಂಡಕಂಡ ಕಂಪ್ಯೂಟರಿಗೆಲ್ಲ ಐಪಿ ವಿಳಾಸ ಹಂಚತೊಡಗುತ್ತದೆ. ಸ್ವಿಚ್ಚಿಗೆ ವಿಳಾಸ ಹಂಚುವ ಅಸಲಿ ಡಿಎಚ್‌ಸಿಪಿ ಸರ್ವರ್ ಯಾರು, ನಕಲಿ ಯಾರು ಎಂದು ಗೊತ್ತಿಲ್ಲ. ಮೊದಲು ಯಾರ ಉತ್ತರ ಬಂತೋ ಅದನ್ನೇ ಕಂಪ್ಯೂಟರು ನಂಬುತ್ತದೆ. ಅರ್ಧ ಕಚೇರಿಗೆ ಟ್ಯಾಲಿ ತೆರೆಯುತ್ತದೆ, ಇನ್ನರ್ಧಕ್ಕೆ ಇಲ್ಲ. ಕಂಪ್ಯೂಟರ್ ಮರುಚಾಲೂ ಮಾಡಿದಾಗ ಕೆಲವರಿಗೆ ಸರಿಹೋಗಿ ಕೆಲವರಿಗೆ ಕೆಡುತ್ತದೆ. ‘ಡಿಎಚ್‌ಸಿಪಿ ಸ್ನೂಪಿಂಗ್’ ಚಾಲೂ ಮಾಡಿ, ಅಸಲಿ ಸರ್ವರ್ ಇರುವ ಪೋರ್ಟನ್ನು ಮಾತ್ರ ನಂಬು ಎಂದು ಬರೆದರೆ ಈ ಪೀಡೆ ಅಲ್ಲಿಗೆ ನಿಂತಿತು. ನಂಬು ಎಂಬ ಆ ಎರಡನೇ ಸಾಲು ಮರೆತರೆ ಅಸಲಿಯದ್ದೂ ನಿಲ್ಲುತ್ತದೆ, ಅದು ಬೇರೆ ಮಾತು. ಒಂದು ಪೋರ್ಟಿನಲ್ಲಿ ಒಂದೋ ಎರಡೋ ಮ್ಯಾಕ್ ವಿಳಾಸ ಮಾತ್ರ ಎನ್ನುವ ‘ಪೋರ್ಟ್ ಸೆಕ್ಯುರಿಟಿ’ ಹಾಕಿದರೆ ಮೇಜಿನ ಕೆಳಗಿನ ಕಳ್ಳ ಸ್ವಿಚ್ಚುಗಳೂ ಬೆಳಕಿಗೆ ಬರುತ್ತವೆ.

ಕ್ಯಾಮೆರಾ ಹಾಕಿಸುವವರಿಗೆ ಒಂದು ಲೆಕ್ಕ. ಕೇಬಲ್ಲಿನಲ್ಲೇ ವಿದ್ಯುತ್ತನ್ನೂ ಕಳಿಸುವ ಪಿಒಇ 2003ರಲ್ಲಿ ಮಾನದಂಡವಾದಾಗ ಪ್ರತಿ ಪೋರ್ಟಿಗೆ 15.4 ವ್ಯಾಟ್ ಎಂದಿತ್ತು; 2009ರಲ್ಲಿ ಅದು 30 ಆಯಿತು. 24 ಪೋರ್ಟಿಗೂ 15.4ರಂತೆ ಕೊಡಬೇಕಾದರೆ ಸ್ವಿಚ್ಚಿನ ಒಟ್ಟು ಶಕ್ತಿ 370 ವ್ಯಾಟ್ ಬೇಕು. ಹಲವು ಅಗ್ಗದ ಮಾದರಿಗಳಲ್ಲಿ ಅಷ್ಟು ಇರುವುದಿಲ್ಲ. ಪೆಟ್ಟಿಗೆಯ ಮೇಲೆ ‘24 ಪೋರ್ಟ್ ಪಿಒಇ’ ಎಂದು ದೊಡ್ಡದಾಗಿ, ಒಟ್ಟು ವ್ಯಾಟ್ ಎಷ್ಟೆಂದು ಮೂಲೆಯಲ್ಲಿ ಸಣ್ಣದಾಗಿ ಬರೆದಿರುತ್ತಾರೆ. ಹಗಲೆಲ್ಲ ಎಲ್ಲ ಕ್ಯಾಮೆರಾಗಳೂ ಚೆನ್ನಾಗಿ ನಡೆಯುತ್ತವೆ. ಕತ್ತಲಾದ ಮೇಲೆ ಅವುಗಳ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡು ವಿದ್ಯುತ್ತಿನ ಬೇಡಿಕೆ ಏರುತ್ತದೆ, ನಾಲ್ಕೈದು ಕ್ಯಾಮೆರಾಗಳು ಕಣ್ಣು ಮುಚ್ಚುತ್ತವೆ. ಬೆಳಗ್ಗೆ ತಂತ್ರಜ್ಞ ಬಂದು ನೋಡಿದಾಗ ಎಲ್ಲ ಸರಿಯಾಗಿಯೇ ಇರುತ್ತದೆ. ‘ಶೋ ಪವರ್ ಇನ್‌ಲೈನ್’ ಆಜ್ಞೆಯನ್ನು ರಾತ್ರಿ ಎಂಟರ ಮೇಲೆ ಕೊಟ್ಟು ನೋಡಬೇಕು.

ನಿಧಾನ ಎಂಬ ದೂರಿಗೂ ಹೀಗೊಂದು ಜಾಡು ಇದೆ. ಒಂದು ಬದಿ ವೇಗ-ಡ್ಯುಪ್ಲೆಕ್ಸ್ ಅನ್ನು ಕೈಯಾರೆ ಗೊತ್ತುಮಾಡಿ, ಇನ್ನೊಂದು ಬದಿಯನ್ನು ‘ಆಟೊ’ ಬಿಟ್ಟರೆ ಆಟೊ ಬದಿ ಗಾಬರಿಯಾಗಿ, ಒಂದು ಸಲಕ್ಕೆ ಒಂದೇ ಕಡೆಯ ಮಾತು ಸಾಗುವ ಹಾಫ್ ಡ್ಯುಪ್ಲೆಕ್ಸಿಗೆ ಇಳಿಯುತ್ತದೆ. ಸಂಪರ್ಕ ಇರುತ್ತದೆ, ಪಿಂಗ್ ಹೋಗುತ್ತದೆ, ದೊಡ್ಡ ಕಡತ ಮಾತ್ರ ಏದುಸಿರು ಬಿಡುತ್ತದೆ. ಪೋರ್ಟಿನ ಲೆಕ್ಕದಲ್ಲಿ ಒಂದು ಬದಿ ತಡವಾದ ಡಿಕ್ಕಿಗಳು, ಇನ್ನೊಂದು ಬದಿ ಫ್ರೇಮು ಕೆಟ್ಟು ಬಂದದ್ದನ್ನು ತೋರಿಸುವ ಸಿಆರ್‌ಸಿ ದೋಷಗಳು ಏರುತ್ತಿದ್ದರೆ ರೋಗ ಇದೇ. ಎರಡೂ ಬದಿ ಆಟೊ ಮಾಡಿ. ಆಮೇಲೂ ಸಿಆರ್‌ಸಿ ಏರಿದರೆ ಇಲಿ ಕಡಿದ ಅಥವಾ ಅವಸರದಲ್ಲಿ ಕ್ರಿಂಪ್ ಮಾಡಿದ ಕೇಬಲ್ ಬದಲಿಸಿ.

ಇಷ್ಟೆಲ್ಲ ಬರೆದ ಸಂರಚನೆ ಕೊನೆಗೆ ಕೆಲವು ನೂರು ಸಾಲುಗಳ ಸಾದಾ ಪಠ್ಯ. ಅದನ್ನು ಸ್ವಿಚ್ಚಿನ ಹೊರಗೆ, ಬೇರೊಂದು ಕಂಪ್ಯೂಟರಿನಲ್ಲಿ, ದಿನಾಂಕ ಹಾಕಿ ಇಡಬೇಕು. ಮಲೆನಾಡಿನಲ್ಲೋ ಕರಾವಳಿಯಲ್ಲೋ ಸಿಡಿಲಿಗೆ ಸ್ವಿಚ್ಚು ಸುಟ್ಟ ಮರುದಿನ ಹೊಸದಕ್ಕೆ ಆ ಪಠ್ಯ ಸುರಿದರೆ ಒಂದು ಗಂಟೆಯ ಕೆಲಸ, ಇಲ್ಲದಿದ್ದರೆ ವಾರ. ಆ ಕಡತ ವೆಂಡರ್ ಬಳಿ ಮಾತ್ರ ಇರುವುದು, ಪಾಸ್‌ವರ್ಡೂ ಅವರ ಹುಡುಗನಿಗೆ ಮಾತ್ರ ಗೊತ್ತಿರುವುದು ನಮ್ಮ ಸಂಸ್ಥೆಗಳ ಸಾಮಾನ್ಯ ಸ್ಥಿತಿ. ಎಎಂಸಿ ಬಿಲ್ಲಿಗೆ ಸಹಿ ಹಾಕುವ ಮುನ್ನ ಎರಡನ್ನೂ ಮೊಹರು ಹಾಕಿದ ಲಕೋಟೆಯಲ್ಲಿ ಕೇಳಿ ಪಡೆಯುವುದಕ್ಕೆ ನೆಟ್‌ವರ್ಕ್ ಗೊತ್ತಿರಬೇಕಾಗಿಲ್ಲ.

ಆ ಹುಡುಗ ಕೆಲಸ ಬಿಟ್ಟು ಹೋಗಿದ್ದರೂ ದಾರಿ ಮುಚ್ಚಿಲ್ಲ. ಸಿಸ್ಕೋದ ಕ್ಯಾಟಲಿಸ್ಟ್ ಸ್ವಿಚ್ಚುಗಳ ಮುಂಭಾಗದಲ್ಲಿ ‘ಮೋಡ್’ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿ ಹಿಡಿದು ವಿದ್ಯುತ್ ಕೊಟ್ಟರೆ ಸ್ವಿಚ್ಚು ಸಂರಚನೆ ಓದದೆ ನಡುವೆ ನಿಲ್ಲುತ್ತದೆ. ಕಡತದ ಹೆಸರು ಬದಲಿಸಿ, ಮತ್ತೆ ಏಳಿಸಿ, ಹೊಸ ಪಾಸ್‌ವರ್ಡ್ ಇಟ್ಟು ಹಳೆಯ ಸಂರಚನೆಯನ್ನು ವಾಪಸು ತರಬಹುದು. ಕನ್ಸೋಲ್ ಕೇಬಲ್ ಇದ್ದ ಯಾರು ಬೇಕಾದರೂ ಕಾಲು ಗಂಟೆಯಲ್ಲಿ ಮಾಡಬಹುದಾದ ಕೆಲಸ ಇದು. ಯಾರು ಬೇಕಾದರೂ ಎಂದರೆ ನಿಜಕ್ಕೂ ಯಾರು ಬೇಕಾದರೂ. ಆದ್ದರಿಂದ ಸ್ವಿಚ್ಚಿನ ರ‍್ಯಾಕ್‌ಗೆ ಬೀಗ ಹಾಕಬೇಕು, ಆ ಬೀಗದ ಕೀಲಿಯನ್ನು ಎಲ್ಲರೂ ಇಡುವಂತೆ ರ‍್ಯಾಕಿನ ತಲೆಯ ಮೇಲೆಯೇ ಇಡಬಾರದು.